ಗಾಳಜ್ಜಿ ಬೆಟ್ಟ ಇಳಿದ ದಿನ

ಆಗ ಲೋಕಕ್ಕೆ ಬಳಿದ ಬಣ್ಣ ಇನ್ನೂ ಆರಿರಲಿಲ್ಲ. ಗುಡ್ಡಕ್ಕೆ ಒರಗಿ ಕೂತರೆ ಬೆನ್ನಿಗೆ ಹಸಿರು ಹತ್ತುತ್ತಿತ್ತು. ಆಕಾಶವನ್ನು ಮುಟ್ಟಿದವರ ಬೆರಳು ಮೂರು ದಿನ ನೀಲಿಯಾಗಿಯೇ ಇರುತ್ತಿತ್ತು. ನೀರು, ಬೆಂಕಿ, ಗಾಳಿ, ಎಲ್ಲರೂ ಮಾತಾಡುತ್ತಿದ್ದರು. ಮಾತಾಡುತ್ತಿದ್ದರು ಅನ್ನುವುದೇನು, ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆ ಹೊಸ ಲೋಕದಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಹಂಚಿದ್ದಾಯಿತು. ನದಿಗೆ ಹರಿಯುವ ಕೆಲಸ. ಸೂರ್ಯನಿಗೆ ಹುಟ್ಟಿ ಮುಳುಗುವ ಕೆಲಸ. ಬೆಂಕಿಗೆ ಉರಿಯುವ ಕೆಲಸ. ಗಾಳಜ್ಜಿ ಮಾತ್ರ ಎಲ್ಲರಿಗಿಂತ ಕೊನೆಗೆ, ಏದುಸಿರು ಬಿಡುತ್ತಾ ಬಂದಳು.

ಗಾಳಜ್ಜಿ ಎಂದರೆ ಗಾಳಿಯೇ. ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೆ ಅವಳ ಮೈ ಎಷ್ಟು ದೊಡ್ಡದೆಂದರೆ, ಲೋಕಕ್ಕೆಲ್ಲ ಹಾಸಿದರೂ ಇನ್ನೂ ಮಿಗುತ್ತಿತ್ತು.

"ನನ್ ಕೈಲಿ ಓಡಾಡೋಕಾಗಲ್ಲ ಕಣ್ರಪ್ಪಾ, ಮೊಣಕಾಲು ಹಿಡ್ಕೊಂಡೈತೆ. ಕೂತ್ಕೊಂಡು ಮಾಡೋ ಕೆಲ್ಸ ಏನಾದ್ರೂ ಇದ್ರೆ ಕೊಡಿ" ಎಂದಳು.

"ಹಾಗಾದ್ರೆ ಕೂತ್ಕೋ. ಅದೇ ನಿನ್ನ ಕೆಲ್ಸ" ಎಂದರು ಕೆಲಸ ಹಂಚುವವರು.

ಗಾಳಜ್ಜಿ ಕೂತಳು. ಬಯಲಿನ ಮೇಲೆ ಕೂತಳು, ಬೆಟ್ಟದ ಮೇಲೆ ಕೂತಳು, ಕೆರೆಯ ಮೇಲೆ ಕೂತಳು, ಒಲೆಯ ಮೇಲಿದ್ದ ಮಡಕೆಯ ಮೇಲೂ ಕೂತಳು. ಮೇಲೆ ಕೆಳಗೆ ಎಂದು ಭೇದ ಮಾಡದೆ ಎಲ್ಲ ಕಡೆಯೂ ಒಂದೇ ಸಮನಾಗಿ ಕೂತಳು. ಆಗಾಗ ಮಗ್ಗುಲು ಬದಲಿಸುತ್ತಿದ್ದಳು, ಅದನ್ನೇ ಜನ ಬಿರುಗಾಳಿ ಅನ್ನುತ್ತಿದ್ದರು. ಅವಳ ಭಾರ ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಹುಟ್ಟಿದಾಗಿನಿಂದ ತಲೆಯ ಮೇಲೆ ಹೊತ್ತಿದ್ದ ಭಾರ ತಿಳಿಯುವುದಾದರೂ ಹೇಗೆ?

ತಿಳಿಯುತ್ತಿದ್ದದ್ದು ಮಡಕೆಯೊಳಗಿನ ನೀರೊಂದಕ್ಕೇ. ನೀರಿಗೆ ಹಾರಬೇಕೆಂಬ ಆಸೆ. ಒಲೆ ಹೊತ್ತಿಸಿದ ಕೂಡಲೇ ಅದು ಮೇಲಕ್ಕೆ ತಳ್ಳತೊಡಗುತ್ತಿತ್ತು.

"ಅಜ್ಜೀ, ದಾರಿ ಬುಡು."

"ಇನ್ನೂ ಬಿಸಿಯಾಗು, ಆಮೇಲೆ ನೋಡಾಣ" ಎಂದು ಗಾಳಜ್ಜಿ ಕದಲುತ್ತಿರಲಿಲ್ಲ.

ನೀರು ಇನ್ನೂ ಬಿಸಿಯಾಗುತ್ತಿತ್ತು, ಇನ್ನೂ ಬಲ ಬರುತ್ತಿತ್ತು. ಕೊನೆಗೊಮ್ಮೆ ಗಾಳಜ್ಜಿಯನ್ನೇ ಅಲ್ಲಾಡಿಸುವಷ್ಟು ಬಲ ಬಂದಾಗ, ಕೊತಕೊತ ಎಂದು ಎದ್ದು ಹಾರುತ್ತಿತ್ತು. ಅಷ್ಟು ಹೊತ್ತಿಗೆ ಮಡಕೆಯೊಳಗಿನ ಕಾಳೂ ಮೆತ್ತಗಾಗುತ್ತಾ ಬಂದಿರುತ್ತಿತ್ತು. ಅದಕ್ಕೇ ಆಗಿನ ಜನ ಎರಡಕ್ಕೂ ಒಂದೇ ಮಾತು ಇಟ್ಟುಕೊಂಡಿದ್ದರು. ನೀರೂ ಕುದಿಯಿತು, ಕಾಳೂ ಕುದಿಯಿತು. ಕುದಿ ಬಂತು ಎಂದರೆ ಎಲೆ ಹಾಕಬಹುದು. ಬೇರೆ ಮಾತು ಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಮುಗಿಲಗುಡ್ಡ ಎಂಬ ಎತ್ತರದ ಬೆಟ್ಟದ ನೆತ್ತಿಯಲ್ಲಿ ಮೂರೇ ಮೂರು ಮನೆ. ಅದರಲ್ಲಿ ಒಂದು ಈರಕ್ಕನದು. ಈರಕ್ಕ ಒಳ್ಳೆಯವಳು, ಗಟ್ಟಿಗಿತ್ತಿ, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಅವಳ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು. "ಬೇಗ!" ಕೋಳಿ ಮೊಟ್ಟೆಯಿಡಲು ಕೂತರೆ "ಬೇಗ!" ಮೊಗ್ಗು ಅರಳುತ್ತಿದ್ದರೆ "ಬೇಗ!" ಮಂಜು ಕರಗುವುದು ತಡವಾದರೆ ಬೀಸಣಿಗೆ ಹಿಡಿದು ಹೊರಗೆ ಹೋಗುತ್ತಿದ್ದಳು.

ಈರಕ್ಕನಿಗೆ ಗಂಡನಿಲ್ಲ. ಇದ್ದವಳು ಒಬ್ಬಳೇ ಮಗಳು, ಚಿಕ್ಕತಾಯಿ. ಅವ್ವನ ಅವಸರವನ್ನೆಲ್ಲ ನಗುತ್ತಲೇ ಸಹಿಸಿಕೊಂಡ ಹುಡುಗಿ. ಈರಕ್ಕನಿಗೆ ಅವಳೆಂದರೆ ಪ್ರಾಣ.

ಚಿಕ್ಕತಾಯಿ ಒಮ್ಮೆ ಉಪ್ಪು ತರಲು ಬಯಲಿಗೆ ಇಳಿದಿದ್ದಳು. ಬಯಲಿನ ಬೋರಣ್ಣ ಎಂಬ ಹುಡುಗ ಅವಳ ಉಪ್ಪಿನ ಮೂಟೆಯನ್ನು ಅರ್ಧ ಬೆಟ್ಟದವರೆಗೆ ಹೊತ್ತು ತಂದುಕೊಟ್ಟ. ಆಮೇಲೆ ಏನಾಯಿತೋ, ಈರಕ್ಕನ ಮನೆಯಲ್ಲಿ ವಾರಕ್ಕೊಮ್ಮೆ ಉಪ್ಪು ಖಾಲಿಯಾಗತೊಡಗಿತು. ಬಾನಿಯ ತುಂಬ ಉಪ್ಪಿದ್ದರೂ ಖಾಲಿಯಾಗತೊಡಗಿತು! ಈರಕ್ಕನಿಗೆ ಅರ್ಥವಾಗದೆ ಇರುತ್ತದೆಯೇ? "ಬೇಗ ಅವರ ಕಡೆಯೋರ್ನ ಊಟಕ್ಕೆ ಕರಿ" ಎಂದಳು.

ಬೋರಣ್ಣನನ್ನು ಸಾಕಿದವಳು ಅವನ ಸೋದರತ್ತೆ ಮಾಳವ್ವ. ಮಾಳವ್ವ ಎಂದರೆ ಬಯಲಿಗೆಲ್ಲ ಹೆದರಿಕೆ, ಅದರಲ್ಲೂ ಅವಳ ಹೆಬ್ಬೆರಳು, ತೋರುಬೆರಳು ಎಂದರೆ. ಹೆಣ್ಣಿನ ಮನೆಗೆ ಮೊದಲ ಊಟಕ್ಕೆ ಹೋದಾಗ ಹುರುಳಿಕಾಳು ಬಡಿಸುವುದು ಆ ಕಾಲದ ಪದ್ಧತಿ. ಹಿರಿಯರು ಒಂದು ಕಾಳನ್ನು ಎರಡು ಬೆರಳ ನಡುವೆ ಹಿಚುಕಿ ನೋಡಬೇಕು. ನುಣ್ಣಗೆ ನುರಿದು ಹೋದರೆ ಸಂಬಂಧ ಕುದುರಿತು. ಗಟ್ಟಿಯಾಗಿ ಬೆರಳಿನಿಂದ ಜಾರಿದರೆ, ಈ ಮನೆಯವರಿಗೆ ನಮ್ಮ ಮೇಲೆ ಮನಸ್ಸಿಲ್ಲ ಎಂದು ಅರ್ಥ. ಎದ್ದು ಹೋಗುವುದೇ, ನೀರು ಕೂಡ ಮುಟ್ಟುವಂತಿಲ್ಲ. ಮಾಳವ್ವ ಹಾಗೆ ಎದ್ದು ಬಂದ ಮನೆಗಳು ಈಗಾಗಲೇ ಎರಡಿದ್ದವು.

ಆ ದಿನ ಬಂತು. ಬೆಳಗ್ಗೆ ನೋಡಿದರೆ ಸೌದೆ ರಾತ್ರಿಯ ಮಂಜಿಗೆ ನೆನೆದಿತ್ತು, ಹೊತ್ತಿಸಿದರೆ ಬರೀ ಹೊಗೆ. ಈರಕ್ಕ ಹುರುಳಿ ತೊಳೆದು ಮಡಕೆಗೆ ಹಾಕಿ ಒಲೆಯ ಮೇಲಿಟ್ಟು ಊದಿದಳು, ಊದಿದಳು, ಕಣ್ಣೆಲ್ಲ ಕೆಂಪಾಯಿತು. ನೀರು ಬೆಚ್ಚಗಾಯಿತೇ ಹೊರತು ಕುದಿಯುವ ಸೂಚನೆಯೇ ಇಲ್ಲ.

"ಬೇಗ! ಬೇಗ! ಮಧ್ಯಾಹ್ನಕ್ಕೆ ಅವರು ಬಂದ್ಬುಡ್ತಾರೆ" ಎಂದು ಮಡಕೆಯನ್ನು ಗದರಿದಳು.

"ನನ್ನ ಯಾಕೆ ಬೈತೀಯ ಈರಕ್ಕ? ನಾನು ಯಾವಾಗ್ಲೋ ಹೊರಟು ನಿಂತಿವ್ನಿ. ಮೇಲೆ ಕೂತೈತಲ್ಲ, ಈ ಮುದುಕಿ, ದಾರಿ ಬುಡ್ತಾ ಇಲ್ಲ" ಎಂದಿತು ನೀರು.

ಈರಕ್ಕ ತಲೆಯೆತ್ತಿ ನೋಡಿದಳು. ಏನೂ ಕಾಣಲಿಲ್ಲ. ಆದರೂ ಸೊಂಟಕ್ಕೆ ಕೈಯಿಟ್ಟು ನಿಂತಳು. "ಗಾಳಜ್ಜಿ, ಸ್ವಲ್ಪ ಎದ್ದೇಳು. ನನ್ನ ಮಡಕೆಗೆ ಕುದಿ ಬರಬೇಕು."

"ಏಳೋದಾ?" ಗಾಳಜ್ಜಿಗೆ ಆಶ್ಚರ್ಯವಾಯಿತು. "ಎಲ್ರೂ ನನ್ನ ಬೀಸು ಅಂತಾರೆ, ನಿಲ್ಲು ಅಂತಾರೆ. ಏಳು ಅಂದೋಳು ನೀನೇ ಮೊದ್ಲು. ನೋಡು ಮಗಳೇ, ನಂದು ಹಳೇ ಮೊಣಕಾಲು. ಒಂದ್ಸಲ ಎದ್ರೆ ಮತ್ತೆ ಇಷ್ಟೆತ್ತರ ಹತ್ತಿ ಬಂದು ಕೂರೋಕೆ ಆಗಕಿಲ್ಲ."

"ಕೂರಬ್ಯಾಡ ಬುಡು! ಬೇಗ ಎದ್ದೇಳು!"

ಹಾಗೆ ಅಂದದ್ದೇ ತಪ್ಪಾಯಿತು. ಒಂದು ಗಳಿಗೆ ಯೋಚಿಸಿದ್ದರೆ ಅನ್ನುತ್ತಿರಲಿಲ್ಲ. ಆದರೆ ಯೋಚಿಸುವುದಕ್ಕೂ ಹೊತ್ತು ಬೇಕಲ್ಲ, ಈರಕ್ಕನ ಹತ್ತಿರ ಇರದಿದ್ದದ್ದು ಅದೊಂದೇ.

ಗಾಳಜ್ಜಿ "ಅಮ್ಮಯ್ಯಾ" ಎಂದು ಬೆಟ್ಟದ ನೆತ್ತಿಯಿಂದ ಎದ್ದಳು. ಎದ್ದವಳು ಇಳಿಜಾರಿನಲ್ಲಿ ಜರ್ರೆಂದು ಜಾರಿದಳು. ಹುಲ್ಲೆಲ್ಲ ಮಲಗಿತು, ಮೂರು ಮನೆಯ ಬಾಗಿಲೂ ದಡದಡ ಬಡಿದವು, ಒಣಹಾಕಿದ್ದ ಸೀರೆಯೊಂದು ಹಾರಿ ಹೋಗಿ ಮರ ಹತ್ತಿತು. ಗಾಳಜ್ಜಿ ಹೋಗಿ ಬಯಲಿನಲ್ಲಿ ಕಾಲು ಚಾಚಿ ಕೂತಳು. ಅವಳ ಭಾರವೆಲ್ಲ ಕೆಳಗೆ ಸೇರಿತು. ಬೆಟ್ಟದ ಮೇಲೆ ಉಳಿದದ್ದು ಅವಳ ತೆಳು ಸೆರಗು ಮಾತ್ರ.

ಅದೇ ಹೊತ್ತಿಗೆ ಬೆಟ್ಟ ಹತ್ತುತ್ತಿದ್ದ ಮಾಳವ್ವನ ಎರಡೂ ಕಿವಿ "ಟಪ್" ಎಂದವು. "ಯಾರೋ ಅದು ನನ್ನ ಕಿವಿ ಒಳಗೆ ಬಾಗಿಲು ತೆಗೆದೋರು?" ಎಂದು ಅವಳು ಬೋರಣ್ಣನನ್ನು ಗದರಿದಳು. ಪಾಪ, ಅವನ ಕಿವಿಯೂ ಟಪ್ ಎಂದಿತ್ತು.

ಇತ್ತ ಈರಕ್ಕನ ಮಡಕೆ ಕೊತಕೊತ ಕುದಿಯತೊಡಗಿತು. ಅಷ್ಟೇ ಹಸಿ ಸೌದೆ, ಅಷ್ಟೇ ಸಣ್ಣ ಉರಿ. ಆದರೂ ಕೊತಕೊತ!

"ನೋಡಿದ್ಯಾ ಚಿಕ್ಕತಾಯಿ!" ಈರಕ್ಕ ಸೆರಗು ಸಿಕ್ಕಿಸಿ ಒಂದು ಸುತ್ತು ತಿರುಗಿದಳು. "ಕುದಿ ಬಂತು! ಕುದಿ ಬಂತು! ಲೋಕದಲ್ಲಿ ಯಾರಾದ್ರೂ ಇಷ್ಟು ಬೇಗ ಅಡುಗೆ ಮಾಡವ್ರಾ?"

ಚಿಕ್ಕತಾಯಿ ಒಂದು ಕಾಳು ತೆಗೆದು ಬಾಯಿಗೆ ಹಾಕಿಕೊಂಡಳು. ಕಟ್ ಎಂದಿತು. ಕೆನ್ನೆ ಹಿಡಿದುಕೊಂಡಳು.

"ಅವ್ವ... ಇದು ಕಲ್ಲು ಇದ್ದಂಗೈತೆ."

"ಕುದೀತಾ ಐತಲ್ಲೇ!"

"ಕುದೀತಾ ಐತೆ. ಆದ್ರೂ ಕಲ್ಲು."

ಅಷ್ಟರಲ್ಲಿ ಒಲೆಯ ಬಿಸಿಗೆ ಒಣಗಿದ್ದ ಸೌದೆಯನ್ನು ಈರಕ್ಕ ಇನ್ನಷ್ಟು ತುರುಕಿದಳು. ಉರಿ ಧಗಧಗ ಎದ್ದಿತು. ನೀರು ಕುಣಿಯಿತು, ಉಕ್ಕಿತು, ಹೊರಗೆ ಚೆಲ್ಲಿತು. ಅರ್ಧ ನೀರು ಆವಿಯಾಗಿ ಹಾರಿಹೋಯಿತು. ಕಾಳು ತೆಗೆದು ನೋಡಿದರೆ, ಕಟ್. ಇನ್ನೂ ಸೌದೆ ಹಾಕಿದಳು. ಮತ್ತೆ ನೋಡಿದರೆ, ಕಟ್.

"ಯಾಕೆ ಸುಮ್ನೆ ಸೌದೆ ಸುಡ್ತೀಯಾ ಈರಕ್ಕ?" ಎಂದಿತು ನೀರು, ಹಾರುತ್ತಲೇ. "ಬಾಗ್ಲು ತೆರೆದೈತೆ, ನಾನು ಹೋಗ್ತಾ ಇವ್ನಿ. ಅಜ್ಜಿ ಮೇಲೆ ಕೂತಿದ್ರೆ ಅವಳ್ನ ತಳ್ಳೋಕೆ ಅಂತ ಚೆನ್ನಾಗಿ ಬಿಸಿಯಾಗ್ತಿದ್ದೆ. ಈಗ ಯಾರ್ನ ತಳ್ಳಬೇಕು? ನೀನು ಎಷ್ಟು ಉರಿ ಹಾಕಿದ್ರೂ ನಾನು ಇದಕ್ಕಿಂತ ಬಿಸಿ ಆಗಕಿಲ್ಲ. ಬೇಗ ಬೇಗ ಹಾರ್ತೀನಿ, ಅಷ್ಟೇಯ."

"ಬೇಗ ಆಗ್ಲಿ ಅಂತಾನೇ ತಾನೇ ನಾನು ಇಷ್ಟೆಲ್ಲಾ ಮಾಡಿದ್ದು!" ಈರಕ್ಕ ಸೌಟು ನೆಲಕ್ಕೆ ಕುಕ್ಕಿದಳು.

ಒಲೆಯೊಳಗಿನ ಬೆಂಕಿ ಮೆಲ್ಲಗೆ ನಾಲಗೆ ಹೊರಚಾಚಿ ಹೇಳಿತು. "ಕಾಳಿಗೆ ಬೇಕಾದ್ದು ಬೇಗ ಅಲ್ಲ ಕಣಕ್ಕ, ಬೇಗೆ. ನನ್ನ ಬೇಗೆ ಕಾಳಿನ ಹೊಟ್ಟೆ ಒಳಕ್ಕೆ ಇಳೀಬೇಕು. ನೀರು ಚೆನ್ನಾಗಿ ಕಾಯದಿದ್ರೆ ಅದನ್ನ ಒಳಗೆ ಹೊತ್ಕೊಂಡು ಹೋಗೋರು ಯಾರು? ನೀರು ಕುದಿಯೋದು ಬೇರೆ, ಕಾಳು ಬೇಯೋದು ಬೇರೆ."

"ಬೇಯೋದು" ಎಂಬ ಮಾತನ್ನು ಈರಕ್ಕ ಕೇಳಿದ್ದು ಅದೇ ಮೊದಲು. ಲೋಕದಲ್ಲಿ ಯಾರೇ ಕೇಳಿದ್ದೂ ಅದೇ ಮೊದಲು.

ಅವಳು ಬೆಟ್ಟದ ಅಂಚಿಗೆ ಓಡಿದಳು. "ಗಾಳಜ್ಜೀ! ತಪ್ಪಾಯ್ತು! ಮೇಲೆ ಬಾ!"

"ಆಗಕಿಲ್ಲ ಕಣೇ ಮಗಳೇ!" ದೂರದಿಂದ ದನಿ ಬಂತು. "ಇಲ್ಲಿ ಕಾಲು ಚಾಚೋಕೆ ಜಾಗ ಐತೆ. ಸೆರಗು ಅಲ್ಲೇ ಬಿಟ್ಟಿವ್ನಿ, ಉಸಿರಾಡೋಕೆ ಅಷ್ಟು ಸಾಕು ನಿಮಗೆ. ಮಡಕೆ ಮೇಲೆ ಕೂರೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೋ!"

ಅಂಚಿನಿಂದ ಕೆಳಗೆ ನೋಡಿದರೆ ಬಯಲಿನವರು ಕೊನೆಯ ತಿರುವು ಹತ್ತುತ್ತಿದ್ದರು. ಮಾಳವ್ವ ಮುಂದೆ, ಬೋರಣ್ಣ ಹಿಂದೆ.

ಈರಕ್ಕ ಒಲೆಯ ಮುಂದೆ ಬಂದು ಕುಸಿದು ಕೂತಳು. ಅತ್ತಳು. ತನ್ನ ಅವಸರ ತನ್ನ ಮಗಳ ಬಾಳಿಗೇ ಅಡ್ಡ ಬಂತಲ್ಲ ಎಂದು ಹಣೆ ಚಚ್ಚಿಕೊಂಡಳು.

"ಹೋದ್ರೆ ಹೋಗ್ಲಿ ಬುಡವ್ವ" ಎಂದಳು ಚಿಕ್ಕತಾಯಿ. ಮಾತು ಧೈರ್ಯದ್ದು, ಕಣ್ಣು ಮಾತ್ರ ತುಂಬಿತ್ತು. ಅವ್ವ ಅದನ್ನು ನೋಡದಿರಲಿ ಎಂದು ಮುಖ ತಿರುಗಿಸಿ, ಉಳಿದ ನೀರಾದರೂ ಹಾರದಂತೆ ಮಡಕೆಗೆ ಮುಚ್ಚಳ ಮುಚ್ಚಲು ಬಗ್ಗಿದಳು. ಮುಚ್ಚಳ ಅವಳ ಕೈಯನ್ನು ಮೇಲಕ್ಕೆ ತಳ್ಳಿತು. "ಅವ್ವ, ಇದು ತಳ್ತಾ ಐತೆ ನೋಡು!"

ಈರಕ್ಕ ಮೂಗು ಒರೆಸಿಕೊಂಡು ತಾನೂ ಬಟ್ಟೆ ಸುತ್ತಿ ಮುಚ್ಚಳದ ಮೇಲೆ ಕೈಯಿಟ್ಟಳು. ಹೌದು, ಒಳಗಿನಿಂದ ಯಾರೋ ತಳ್ಳುತ್ತಿದ್ದರು. ಅವಳು ಒತ್ತಿದಳು. ಅದು ಇನ್ನೂ ಜೋರಾಗಿ ತಳ್ಳಿತು. ಅವಳು ಇನ್ನೂ ಒತ್ತಿದಳು. ಮಡಕೆಯೊಳಗೆ ಕೊತಕೊತ ನಿಂತು ಗಪ್‌ಚಿಪ್ ಆಯಿತು.

"ಅಯ್ಯಯ್ಯೋ, ಇದೇನೇ ಈರಕ್ಕ?" ಎಂದಿತು ನೀರು ಒಳಗಿನಿಂದ. "ಹಾರೋಕೆ ಹೋದ ನನ್ನ ಆವಿನೇ ನನ್ನ ತಲೆ ಮೇಲೆ ಕೂತೈತೆ!"

"ಕೂರ್ಲಿ" ಎಂದಳು ಈರಕ್ಕ. ಅವಳ ಕಣ್ಣು ಹೊಳೆಯಿತು. "ಅಜ್ಜಿ ಹೋದ್ಲು. ಇನ್ಮೇಲೆ ನಿನ್ನ ಮೇಲೆ ನೀನೇ ಕೂರು!"

ಅವಳು ಮಡಕೆಗೆ ನೀರು ತುಂಬಿದಳು. ರಾಗಿಹಿಟ್ಟು ಕಲಸಿ ಮುಚ್ಚಳದ ಅಂಚಿಗೆಲ್ಲ ಮೆತ್ತಿದಳು. ಮೇಲೆ ಒರಳಿನ ಗುಂಡುಕಲ್ಲು ಹೇರಿದಳು.

"ಒಂದು ಸಂದು ಬುಡು ಮಾರಾಯ್ತಿ" ಎಂದು ನೀರು ಗೋಗರೆಯಿತು. "ಪೂರ್ತಿ ಕಟ್ಟಿಹಾಕಿದ್ರೆ ಮಡಕೆನೇ ಒಡೆದು ಹೊರಗೆ ಬತ್ತೀನಿ, ಆಮೇಲೆ ನನ್ನ ಬೈಬ್ಯಾಡ." ಅದು ಹೇಳಿದ್ದು ನಿಜವೇ ಆಗಿತ್ತು. ಈರಕ್ಕ ಒಂದು ಕಡೆ ಕಾಳಿನಷ್ಟು ಹಿಟ್ಟು ಕೆರೆದು, ಕಲ್ಲು ಎದ್ದಾಗಷ್ಟೇ ಆವಿ ಹೋಗುವಂತೆ ಸಂದು ಬಿಟ್ಟಳು.

ಅಷ್ಟರಲ್ಲಿ ಮಾಳವ್ವ ಬಾಗಿಲಲ್ಲಿ ನಿಂತಿದ್ದಳು. ಕೈಕಾಲು ತೊಳೆದು ಚಾಪೆಯ ಮೇಲೆ ಕೂತಳು. ಎಲೆಯ ಮುಂದೆ ಎರಡು ಬೆರಳನ್ನು ಒಂದಕ್ಕೊಂದು ಉಜ್ಜಿಕೊಂಡಳು.

"ಕುದಿ ಬಂತೇನಮ್ಮ?"

ಈರಕ್ಕನ ನಾಲಗೆಯ ತುದಿಗೆ "ಬಂತು" ಎಂಬ ಮಾತು ಬಂದೇ ಬಿಟ್ಟಿತ್ತು. ಸುಳ್ಳೂ ಆಗಿರಲಿಲ್ಲ. ಆದರೆ ಅವಳು ಮಗಳ ಮುಖ ನೋಡಿದಳು.

"ಕುದಿ ಬಂದೈತೆ ಮಾಳವ್ವ. ಇನ್ನೂ ಬೆಂದಿಲ್ಲ."

"ಬೆಂದಿಲ್ಲ?" ಮಾಳವ್ವನ ಹುಬ್ಬು ಗಂಟಿಕ್ಕಿತು. "ಅದ್ಯಾವ ಊರಿನ ಮಾತಮ್ಮ? ಕುದಿ ಬಂದ್ಮೇಲೆ ಇನ್ನೇನು?"

ಈರಕ್ಕ ಎಲ್ಲವನ್ನೂ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ. ಗಾಳಜ್ಜಿಯನ್ನು ಎಬ್ಬಿಸಿದ್ದು, ಅವಳು ಜಾರಿ ಹೋದದ್ದು, ಕಾಳು ಕಟ್ ಎಂದದ್ದು. "ನೀವು ಕಾಯಬೇಕು. ಎಷ್ಟು ಹೊತ್ತು ಅಂತ ನನಗೂ ಗೊತ್ತಿಲ್ಲ" ಎಂದಳು.

"ಹಾಗಾದ್ರೆ ನನ್ನ ಕಿವಿ ಟಪ್ ಅನ್ಸಿದ್ದು ನೀನೇನು?" ಎಂದಳು ಮಾಳವ್ವ. ಆಮೇಲೆ ಒಲೆಯ ಕಡೆ ನೋಡಿದಳು. ಮುಚ್ಚಳದ ಮೇಲಿನ ಗುಂಡುಕಲ್ಲು ಆಗಾಗ ತುಸು ಎದ್ದು, ಪುಸ್ ಎಂದು ಆವಿ ಬಿಟ್ಟು, ಮತ್ತೆ ಕೂರುತ್ತಿತ್ತು. ಮಾಳವ್ವನಿಗೆ ಕುತೂಹಲ ತಡೆಯಲಾಗಲಿಲ್ಲ. ಎದ್ದು ಹತ್ತಿರ ಬಂದಳು. ಅವಳೂ ಗಾಳಜ್ಜಿಯ ಹಾಗೇ ಮೈಕೈ ತುಂಬಿಕೊಂಡ ಹೆಂಗಸು.

"ಈ ಕಲ್ಲು ಸಾಲದು. ಬೇಕಾದ್ರೆ ನಾನೇ ಕೂತ್ಕೊಳ್ಳಲಾ?" ಎಂದಳು.

"ಬ್ಯಾಡ! ಬ್ಯಾಡ!" ಎಂದು ನೀರು ಮಡಕೆಯೊಳಗಿನಿಂದ ಕಿರುಚಿತು. "ಕಲ್ಲೇ ಇರ್ಲಿ! ನಾನು ಚೆನ್ನಾಗೇ ಬಿಸಿಯಾಗ್ತಾ ಇವ್ನಿ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಳವ್ವ ನಕ್ಕಿದ್ದನ್ನು ಬೋರಣ್ಣ ಅದುವರೆಗೂ ನೋಡಿರಲಿಲ್ಲ.

ನಕ್ಕರೂ ಶಾಸ್ತ್ರ ಶಾಸ್ತ್ರವೇ. ಮಾಳವ್ವ ಮತ್ತೆ ಎಲೆಯ ಮುಂದೆ ಹೋಗಿ ಕೂತಳು. ಹೊತ್ತು ಸರಿಯಿತು. ಕಲ್ಲು ಎದ್ದಿತು, ಪುಸ್ ಎಂದಿತು, ಕೂತಿತು. ಎದ್ದಿತು, ಪುಸ್ ಎಂದಿತು, ಕೂತಿತು. ಮನೆಯೆಲ್ಲ ಹುರುಳಿಯ ಘಮ ತುಂಬಿತು. ಈರಕ್ಕ ಉರಿ ತೆಗೆದಳು. ಚಿಕ್ಕತಾಯಿ ತಡೆಯಲಾರದೆ ಮುಚ್ಚಳಕ್ಕೆ ಕೈ ಹಾಕಿದಳು.

"ತಡಿ" ಎಂದಳು ಈರಕ್ಕ. "ಆವಿ ಇಳೀಲಿ. ಇಲ್ಲಾಂದ್ರೆ ಮುಖಕ್ಕೆ ಹೊಡೀತದೆ."

ಚಿಕ್ಕತಾಯಿ ಬೆರಗಾಗಿ ನಿಂತಳು. ಹುಟ್ಟಿದಾಗಿನಿಂದ ಅವ್ವನ ಬಾಯಲ್ಲಿ ಆ ಮಾತು ಅವಳು ಕೇಳಿರಲಿಲ್ಲ.

ಆವಿ ಇಳಿಯಿತು. ಕಲ್ಲು ಇಳಿಸಿದರು. ಹಿಟ್ಟು ಕೆರೆದರು. ಈರಕ್ಕ ಒಂದು ಸೌಟು ಹುರುಳಿಯನ್ನು ಮಾಳವ್ವನ ಎಲೆಗೆ ಹಾಕಿ, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಕಾಳು ಜಾರಿದರೆ ಮಗಳಿಗೆ ಏನು ಹೇಳುವುದು?

ಮಾಳವ್ವ ಒಂದು ಕಾಳು ಎತ್ತಿದಳು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇಟ್ಟು ಹಿಚುಕಿದಳು. ಕಾಳು ಬೆಣ್ಣೆಯ ಹಾಗೆ ನುರಿದು ಹೋಯಿತು. ಅವಳಿಗೆ ನಂಬಿಕೆ ಬರಲಿಲ್ಲ. ಇನ್ನೊಂದು ಎತ್ತಿ ಹಿಚುಕಿದಳು. ಮತ್ತೊಂದು. ಆರು ಕಾಳು ಹಿಚುಕಿದ ಮೇಲೆ ಬೆರಳು ಚೀಪಿ ಹೇಳಿದಳು.

"ಕುದಿ ಬಂದ ಊಟ ಬೇಕಾದಷ್ಟು ಉಂಡಿವ್ನಿ. ಬೆಂದ ಊಟ ಇದೇ ಮೊದ್ಲು. ಈರಕ್ಕ, ನಿನ್ನ ಮಗಳ್ನ ನಮ್ಮನೆಗೆ ಕೊಡು."

ಅಷ್ಟು ಹೊತ್ತೂ ಉಸಿರು ಬಿಗಿಹಿಡಿದು ಕೂತಿದ್ದ ಬೋರಣ್ಣ ಗೋಡೆಗೆ ಒರಗಿಬಿಟ್ಟ. ಬೆಟ್ಟದ ಮೇಲೆ ಗಾಳಿಯೇ ಕಡಿಮೆ, ಅದರಲ್ಲೂ ಉಸಿರು ಹಿಡಿದರೆ ತಲೆ ಸುತ್ತದೆ ಇರುತ್ತದೆಯೇ? ಚಿಕ್ಕತಾಯಿ ಒಂದು ಲೋಟ ನೀರು ತಂದು ಕೊಟ್ಟಳು. ಈರಕ್ಕ ಬಾಗಿಲ ಸಂದಿಗೆ ಹೋಗಿ ನಿಂತು ನಕ್ಕಳೋ ಅತ್ತಳೋ, ಅವಳಿಗೇ ತಿಳಿಯಲಿಲ್ಲ. ಸಂತೋಷ ಮಾತ್ರ ಎದೆ ತುಂಬಿತ್ತು.

ಗಾಳಜ್ಜಿ ಮತ್ತೆ ಬೆಟ್ಟ ಹತ್ತಲೇ ಇಲ್ಲ. ಅವಳ ಭಾರವೆಲ್ಲ ಇವತ್ತಿಗೂ ಕೆಳಗಿನ ಬಯಲಿನ ಮೇಲಿದೆ, ಎತ್ತರಕ್ಕೆ ಹೋದಷ್ಟೂ ಸೆರಗು ತೆಳುವಾಗುತ್ತಾ ಹೋಗುತ್ತದೆ. ಅದಕ್ಕೇ ಎತ್ತರದ ಬೆಟ್ಟದ ಮೇಲೆ ನೀರು ಬೇಗ ಕುದಿಯುತ್ತದೆ, ಆದರೆ ಬೇಳೆಕಾಳು ತಡವಾಗಿ ಬೇಯುತ್ತದೆ. ಅದಕ್ಕೇ ಅಲ್ಲಿ ಅಡುಗೆ ಮಾಡುವವರು ಮುಚ್ಚಳದ ಮೇಲೆ ಭಾರ ಹೇರುತ್ತಾರೆ. ಅದಕ್ಕೇ ನೀವು ಹಸಿವು ತಾಳಲಾರದೆ ತಟ್ಟೆ ಹಿಡಿದು ಅಡುಗೆಮನೆಗೆ ಓಡಿ "ಕುದೀತಾ ಇದೆಯಲ್ಲಮ್ಮ, ಬಡಿಸು" ಎಂದರೆ, ಅಮ್ಮ ನಿಮ್ಮತ್ತ ತಿರುಗಿಯೂ ನೋಡದೆ "ಕುದಿ ಬಂದಿದೆ, ಇನ್ನೂ ಬೆಂದಿಲ್ಲ" ಎಂದು ಹಿಂದಕ್ಕೆ ಕಳಿಸುತ್ತಾಳೆ.